ಶಿವರಾತ್ರಿಯವರೆಗೆ ಕಾಯಿಸಿದ ಸಸಿಗಳು

ಈ ಫೆಬ್ರವರಿಯಲ್ಲಿ ಎರಡು ದಿನದ ತರಬೇತಿಗೆಂದು ಸಿಂದಗಿಗೆ ಹೋಗಿದ್ದೆ. ಬೆಳಗ್ಗೆ ಬಸ್ ಸ್ಟ್ಯಾಂಡಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದಾಗ ಒಬ್ಬ ಹೆಣ್ಣುಮಗಳು ಪಕ್ಕದಲ್ಲೇ ಬುಟ್ಟಿ ಇಳಿಸಿ, ಚೆಂಡು ಹೂವಿನ ತೊಟ್ಟಿಗೆ ಅಂಟಿಕೊಂಡಿದ್ದ ಎಲೆಗಳನ್ನು ಚಿವುಟಿ ನೆಲಕ್ಕೆ ಒಗೆಯತೊಡಗಿದಳು. ಎಲೆ ಮುರಿದೊಡನೆ ಆ ಕಟು ವಾಸನೆ ಎದ್ದಿತು. ಬೇರೆಯವರಿಗೆ ಅದು ದಸರೆಯ ವಾಸನೆ, ಮದುವೆ ಮನೆಯ ವಾಸನೆ. ನನಗೆ ಮಾತ್ರ ಯಾರೋ ಎದುರು ನಿಂತು ಮುಖಕ್ಕೆ ಉಗಿದ ಹಾಗಾಗುತ್ತದೆ. ಅರ್ಧ ಚಹಾ ಚೆಲ್ಲಿ ಆಚೆ ಕಡೆ ಹೋಗಿ ನಿಂತೆ.

ಎಂಟು ವರ್ಷದಿಂದ ಇದೇ ಹಾಡು. ನನ್ನ ಮನೆಯ ಬಾಗಿಲಿಗೆ ಯಾವ ಹಬ್ಬಕ್ಕೂ ಚೆಂಡು ಹೂ ಕಟ್ಟಿಲ್ಲ. ಯಾಕೆಂದು ಹೆಂಡತಿ ಒಮ್ಮೆ ಕೇಳಿದಾಗ ಆ ವಾಸನೆಗೆ ತಲೆನೋವು ಬರುತ್ತದೆ ಎಂದು ಸುಳ್ಳು ಹೇಳಿದೆ. ಒಂದು ಸುಳ್ಳಿಗೆ ಇನ್ನೊಂದು. ಮೊದಲನೆಯದನ್ನು ಇಲ್ಲಿ ಬರೆದುಬಿಡುತ್ತೇನೆ.

ನನಗೆ ಮೊದಲ ನೌಕರಿ ಸಿಕ್ಕಿದ್ದು ಯಂಕಂಚಿ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ, ವಿಜ್ಞಾನದ ಮಾಸ್ತರನಾಗಿ. ಊರಿನ ಹೆಸರು ಬೇಡ. ಮಾನ ಹೋಗಬೇಕಾದದ್ದು ನನ್ನದು, ಊರಿನದಲ್ಲ. ನಾನು ಮುದ್ದೇಬಿಹಾಳದಲ್ಲಿ ಹುಟ್ಟಿ ಬೆಳೆದವನು. ತಂಗಡಗಿಯ ಹೊಳೆ ದಂಡೆಗೆ ಅಜ್ಜನ ಹೊಲವಿತ್ತಾದರೂ ಅಲ್ಲಿಗೆ ಹೋದದ್ದು ಈಜಾಡಲಿಕ್ಕೆ, ಮಣ್ಣು ಮುಟ್ಟಲಿಕ್ಕಲ್ಲ. ಆದರೂ ಗಿಡದ ಹುಚ್ಚು ಮಾತ್ರ ಎಲ್ಲಿಂದಲೋ ಅಂಟಿಕೊಂಡಿತ್ತು. ಮೊಬೈಲಿನಲ್ಲಿ ಹೂದೋಟದ ವಿಡಿಯೋಗಳನ್ನು ನೋಡಿ ನೋಡಿ ತಲೆ ತುಂಬಿಸಿಕೊಂಡಿದ್ದೆ. ಕಿಟಕಿಯಲ್ಲಿ ನಾಲ್ಕು ಕುಂಡ ಇಟ್ಟು, ಒಕ್ಕಲುತನವೆಂದರೆ ಇಷ್ಟೇ ತಾನೆ ಎಂದುಕೊಂಡಿದ್ದ ವಯಸ್ಸು.

ಬಾಡಿಗೆಗೆ ಖೋಲಿ ಕೊಟ್ಟವಳು ಹೂಗಾರರ ಗೌರವ್ವ. ನಲವತ್ತೈದರ ಆಸುಪಾಸಿನ ಹೆಂಗಸು. ನಾನು ಅಕ್ಕಾ ಎನ್ನುತ್ತಿದ್ದೆ, ಅವಳು ಮಾಸ್ತರ್ರ ಎನ್ನುತ್ತಿದ್ದಳು. ಗಂಡ ತೀರಿ ವರ್ಷ ದಾಟಿತ್ತು. ಒಬ್ಬಳೇ ಮಗಳನ್ನು ಇಂಡಿ ಕಡೆ ಕೊಟ್ಟಿದ್ದಳು. ಮನೆಯ ಹಿಂದೆ ಹಳ್ಳದ ಪಕ್ಕ ಒಂದು ತುಂಡು ಹೊಲ, ಅದರಲ್ಲಿ ವರ್ಷವಿಡೀ ಒಂದಿಲ್ಲೊಂದು ಹೂ. ದಿನಾ ಬೆಳಗ್ಗೆ ನನ್ನ ಬಾಗಿಲ ಮುಂದೆ ಒಂದು ರೊಟ್ಟಿ, ಪಲ್ಯ ಇಟ್ಟು ಹೋಗುತ್ತಿದ್ದಳು. ಬಾಡಿಗೆ ಕರಾರಿನಲ್ಲಿ ಇಲ್ಲದ್ದು ಅದು. ಬೇಡವೆಂದರೆ, ಉಂಡು ಸಾಲಿಗೆ ಹೋಗಬೇಕು, ಹಸಿದವನ ಪಾಠ ಮಕ್ಕಳ ತಲೆಗೆ ಹತ್ತುವುದಿಲ್ಲ ಎಂದು ನಗುತ್ತಿದ್ದಳು.

ಆ ಊರಿನ ಮಲ್ಲಯ್ಯನ ಗುಡಿಗೆ ಹೂ ಕೊಡುವ ಸೇವೆ ಹೂಗಾರರ ಎರಡು ಮನೆಗಳದು. ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಒಂದು ಮನೆ, ಆಮೇಲೆ ಇನ್ನೊಂದು. ಅದಕ್ಕೆ ಪಾಳಿ ಎನ್ನುತ್ತಾರೆ. ಪಾಳಿ ಇದ್ದವರು ದಿನಾ ಹೂ ಕೊಡಬೇಕು. ಬೇಕಾದರೆ ಪೇಟೆಯಿಂದ ತಂದೂ ಕೊಡಬಹುದು. ಪಾಳಿ ಹಿಡಿಯುವ ಯುಗಾದಿಯ ಬೆಳಗ್ಗೆ ಮಾತ್ರ ತಮ್ಮ ಹೊಲದ್ದೇ ಚೆಂಡು ಹೂ ಎರಡು ಬುಟ್ಟಿ ತಂದು ಗದ್ದುಗೆ ಮುಚ್ಚಬೇಕು. ಗಂಡ ಸತ್ತ ಮೇಲೆ ಮೊದಲ ಸಲ ಅಕ್ಕನ ಮನೆಯ ಪಾಳಿ ಬರುವುದಿತ್ತು. ಇನ್ನೊಂದು ಮನೆಯವನಾದ ಗಂಡನ ತಮ್ಮ ಈರಪ್ಪ ತಕರಾರು ತೆಗೆದ. ಗಂಡಸು ಇಲ್ಲದ ಮನೆಗೆ ಪಾಳಿ ಯಾಕೆ, ತಾನೇ ನಡೆಸುತ್ತೇನೆ ಎಂದ. ಊರಿನ ಹಿರಿಯರಾದ ಗೌಡರು ಇಬ್ಬರ ಮಾತೂ ಕೇಳಿ ತೀರ್ಮಾನ ಹೇಳಿದರು: ಯುಗಾದಿ ದಿನ ಗೌರವ್ವ ತನ್ನ ಹೊಲದ ಎರಡು ಬುಟ್ಟಿ ಹೂ ತಂದರೆ ಪಾಳಿ ಅವಳದು, ತರದಿದ್ದರೆ ಈರಪ್ಪನದು, ಕಾಯಂ ಆಗಿ. ಅಕ್ಕ ಒಪ್ಪಿಕೊಂಡು ಬಂದಳು. ಅವಳಿಗೆ ಅದೊಂದು ಕಷ್ಟದ ಕರಾರೇ ಆಗಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಬೆಳೆದ ಹೂ ಅದು. ಪಾಳಿಯ ಮನೆಯೆಂದು ಗುಡಿಯಲ್ಲಿ ಗಂಡನ ಹೆಸರು ಹಿಡಿದು ಕರೆಯುವುದು ನಿಲ್ಲಬಾರದು, ಅಷ್ಟೇ ತನ್ನ ಆಸೆ ಎಂದು ನನಗೆ ಹೇಳಿದ್ದಳು.

ಕಾರ್ತಿಕದ ಛಟ್ಟಿ ಅಮಾವಾಸ್ಯೆ ಮುಗಿದ ಮೇಲೆ ಅಕ್ಕ ಸಸಿಗೆಂದು ಮಡಿ ಮಾಡಿ ಬೀಜ ಚೆಲ್ಲಿದಳು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಸಸಿಗಳು, ಅಲ್ಲಿಯವರು ಅಗಿ ಎನ್ನುತ್ತಾರೆ, ಗೇಣುದ್ದ ಬಂದಿದ್ದವು. ಆ ವರ್ಷ ಚಳಿಯೋ ಚಳಿ. ಬೆಳಗ್ಗೆ ಬೋರಿನ ನೀರಿನಿಂದ ಹೊಗೆ ಏಳುತ್ತಿತ್ತು. ಮಕ್ಕಳು ಕೈ ಬಗಲಲ್ಲಿ ಇಟ್ಟುಕೊಂಡು ಪ್ರಾರ್ಥನೆಗೆ ನಿಲ್ಲುತ್ತಿದ್ದರು. ಒಂದು ಬೆಳಗ್ಗೆ ಮಡಿಯ ಹತ್ತಿರ ಹೋಗಿ ನೋಡಿದೆ. ಎಳೆ ಎಲೆಗಳ ಅಂಚು ನೇರಳೆ ಬಣ್ಣಕ್ಕೆ ತಿರುಗಿತ್ತು. ನನ್ನೊಳಗಿನ ಪಂಡಿತ ಎದ್ದು ಕೂತ.

ನಾನು ನೋಡುತ್ತಿದ್ದ ವಿಡಿಯೋಗಳೆಲ್ಲ ಪರದೇಶದವು. ಅಲ್ಲಿಯವರು ಹೂವಿನ ಸಸಿ ಹೊರಗೆ ನೆಡುವ ಮೊದಲು ಒಂದು ದಿನವನ್ನು ಲೆಕ್ಕ ಹಾಕುತ್ತಾರೆ. ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೀಳುವ ಕಟ್ಟಕಡೆಯ ದಿನ ಅದು. ಅದಕ್ಕೆ ಕೆಲವು ವಾರ ಮೊದಲು ಮನೆಯೊಳಗೆ ಬೀಜ ಹಾಕಬೇಕು, ಆ ದಿನ ದಾಟಿದ ಮೇಲೆ ಸಸಿಯನ್ನು ಹೊರಗೆ ಇಳಿಸಬೇಕು. ಮೊದಲೇ ಇಳಿಸಿದರೆ ಒಂದೇ ರಾತ್ರಿಗೆ ಗಿಡ ಕರಕು. ನಾನು ತರಿಸಿಕೊಂಡಿದ್ದ ಬೀಜದ ಪಾಕೀಟಿನ ಹಿಂದೆಯೂ ಅದನ್ನೇ ಬರೆದಿತ್ತು. ಸರಿ, ನಮ್ಮ ಕಡೆ ಆ ಕಡೆಯ ದಿನ ಯಾವುದು? ಯಾವ ಪುಸ್ತಕದಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ, ನಮ್ಮ ಕಡೆ ಇಬ್ಬನಿ ಹೆಪ್ಪುಗಟ್ಟಿದರೆ ತಾನೆ! ಆದರೆ ನನ್ನ ಬುದ್ಧಿ ಅಷ್ಟಕ್ಕೆ ನಿಲ್ಲಲಿಲ್ಲ. ನಮ್ಮವ್ವ ಹೇಳುತ್ತಿದ್ದ ಮಾತು ನೆನಪಾಯಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಸಿಕ್ಕೇಬಿಟ್ಟಿತಲ್ಲ! ಅವರಲ್ಲಿ ತಾರೀಖು, ನಮ್ಮಲ್ಲಿ ಶಿವರಾತ್ರಿ. ವಿಜ್ಞಾನವನ್ನೂ ಹಿರಿಯರ ಮಾತನ್ನೂ ಒಂದೇ ದಾರಕ್ಕೆ ಪೋಣಿಸಿದೆನೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮರುದಿನ ಒಂಬತ್ತನೇ ಇಯತ್ತೆಯ ಕರಿಹಲಗೆಯ ಮೇಲೆ ‘ಕೊನೆಯ ಚಳಿಯ ದಿನ’ ಎಂದು ಬರೆದು ಅರ್ಧ ತಾಸು ಕೊರೆದೆ.

ಎಳ್ಳ ಅಮಾವಾಸ್ಯೆಯಂದು ಅಕ್ಕ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ನನ್ನನ್ನೂ ಹೊಲಕ್ಕೆ ಕರೆದಳು. ಸುತ್ತ ತೆನೆ ಹಿರಿಯುತ್ತಿದ್ದ ಬಿಳಿಜೋಳ. ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಾಳು ಪಲ್ಯ ಬಡಿಸಿದ್ದರು. ಜಗಳವಿದ್ದರೂ ಆ ದಿನ ಊಟಕ್ಕೆ ಈರಪ್ಪನ ಮನೆಯವರೂ ಬಂದಿದ್ದರು. ನಾಳೆಯಿಂದಲೇ ಅಗಿ ಕಿತ್ತು ಹೊಲಕ್ಕೆ ಹಚ್ಚುತ್ತೇನೆ ಎಂದು ಅಕ್ಕ ಅಂದಳು. ನಾನು ಹೋಳಿಗೆ ನುಂಗಿ ಪಾಠ ಶುರು ಮಾಡಿದೆ. ಈ ಚಳಿಯಲ್ಲಿ ಹಚ್ಚಿದರೆ ಒಂದೂ ಉಳಿಯುವುದಿಲ್ಲ, ಎಲೆ ನೇರಳೆ ತಿರುಗಿದ್ದೇ ಅದರ ಗುರುತು, ಶಿವರಾತ್ರಿಯವರೆಗೆ ಕಾಯಬೇಕು ಎಂದೆ.

ಈರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. “ನಮ್ಮ ಕಡಿ ಗಿಡ ಸಾಯೂವಷ್ಟು ಥಂಡಿ ಎಂದ ಬಿದ್ದೈತ್ರಿ ಮಾಸ್ತರ್ರ?”

ನಾನು ಆ ಪ್ರಶ್ನೆ ಬಿಟ್ಟು ಗಾದೆ ಎತ್ತಿ ಅವನ ಮುಂದಿಟ್ಟೆ. ಶಿವರಾತ್ರಿಗಲ್ಲವೇ ಚಳಿ ಹೋಗುವುದು, ಹಿರಿಯರು ಸುಮ್ಮನೆ ಹೇಳಿದ್ದಾರೆಯೇ ಎಂದೆ. ಸುತ್ತ ಕೂತವರು ಹೌದ್ರಿ, ಹೌದ್ರಿ ಎಂದರು. ತಮ್ಮದೇ ಗಾದೆಯನ್ನು ತಾವೇ ಸುಳ್ಳೆನ್ನಲು ಯಾರಿಗೆ ಬಾಯಿ ಬರುತ್ತದೆ? ಈರಪ್ಪ ಮತ್ತೆ ರೊಟ್ಟಿ ಮುರಿಯತೊಡಗಿದ. ಆತ ಬೇಕೆಂದೇ ಅಕ್ಕನನ್ನು ದಾರಿ ತಪ್ಪಿಸುತ್ತಿದ್ದಾನೆ ಎಂದು ಮನೆಗೆ ಬರುವ ದಾರಿಯಲ್ಲಿ ಅಕ್ಕನಿಗೆ ಹೇಳಿದವನೂ ನಾನೇ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅಕ್ಕ ಕೂಡಲೇ ಒಪ್ಪಲಿಲ್ಲ. ಎರಡು ದಿನ ಬಿಟ್ಟು ಖೋಲಿಯ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. “ಥಂಡ್ಯಾಗ ಹಚ್ಚಿದ ಅಗಿ ಮ್ಯಾಲ ಬೆಳಿಯಾಂಗಿಲ್ರಿ, ಬೇರ ಕೆಳಗ ಇಳಿತೈತಿ. ಮುಂದ ಬಿಸಲ ಬಿದ್ದಾಗ ಆ ಬೇರ ಅದನ್ನ ಕಾಯ್ತೈತಿ ಅಂತಿದ್ಲು ನಮ್ಮತ್ತಿ.” ನಾನು ನಕ್ಕೆ. ಅತ್ತೆಯವರ ಕಾಲ ಬೇರೆ, ಈಗಿನ ಹವಾಮಾನ ಬೇರೆ ಎಂದೆ. ಶಿವರಾತ್ರಿಯಿಂದ ಯುಗಾದಿಗೆ ಒಂದೇ ತಿಂಗಳು, ಅಷ್ಟರಲ್ಲಿ ಹೂ ಹೇಗೆ ಬರುತ್ತದೆ ಎಂದು ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೂ ನನ್ನಲ್ಲಿ ಲೆಕ್ಕ ಸಿದ್ಧವಿತ್ತು. ಪಾಕೀಟಿನ ಬೀಜ ಹೊಸ ತಳಿಯದು, ಐವತ್ತು ದಿನಕ್ಕೆ ಹೂ. ಶಿವರಾತ್ರಿಗೆ ಒಂದು ತಿಂಗಳು ಮೊದಲು ನನ್ನ ಖೋಲಿಯೊಳಗೇ ಬೀಜ ಹಾಕುತ್ತೇನೆ, ಶಿವರಾತ್ರಿ ಮರುದಿನ ಹೊಲಕ್ಕೆ ಇಳಿಸೋಣ, ಯುಗಾದಿಗೆ ಇನ್ನೂ ಹತ್ತು ದಿನ ಉಳಿಯುತ್ತವೆ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಅವಳು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಓದು ಬರುತ್ತಿರಲಿಲ್ಲ. ನೀವು ಕಲಿತವರು, ನಿಮಗೆ ತಿಳಿಯದ್ದು ನನಗೇನು ತಿಳಿಯುತ್ತದೆ ಎಂದು ಹೇಳಿ ಹೋದಳು.

ಅವಳ ಅಗಿ ಮಡಿಯಲ್ಲೇ ಒತ್ತೊತ್ತಾಗಿ ಬೆಳೆದು, ಕಡ್ಡಿಯಾಗಿ, ಒಂದರ ಮೇಲೊಂದು ಮಲಗಿದವು. ಕೊನೆಗೆ ಕಿತ್ತು ತಿಪ್ಪೆಗೆ ಹಾಕಿದಳು. ಅತ್ತ ಈರಪ್ಪನ ಹೊಲದಲ್ಲಿ ಎಳ್ಳ ಅಮಾವಾಸ್ಯೆಯ ಮರುವಾರವೇ ಹಚ್ಚಿದ ಸಸಿಗಳು ನೆಲ ಕಚ್ಚಿ ಕೂತಿದ್ದವು, ಬೆಳೆಯುತ್ತಲೂ ಇರಲಿಲ್ಲ, ಸಾಯುತ್ತಲೂ ಇರಲಿಲ್ಲ. ನೋಡು ಅಕ್ಕಾ, ಅವನ ಗಿಡ ಚಳಿಗೆ ಮುರುಟಿವೆ ಎಂದು ದಾರಿಯಲ್ಲಿ ನಿಂತು ತೋರಿಸಿದ್ದೆ. ಬೇರು ಕೆಳಗೆ ಏನು ಮಾಡುತ್ತಿತ್ತೋ ನನಗೇನು ಗೊತ್ತು.

ನನ್ನ ಖೋಲಿಯಲ್ಲಿ ಚಹಾ ಕುಡಿಯುವ ಕಾಗದದ ಕಪ್ಪುಗಳು ಐದು ನೂರು. ಮಂಚದ ಕೆಳಗೆ, ಪುಸ್ತಕದ ಕಪಾಟಿನ ಮೇಲೆ, ಎಲ್ಲಿ ನೋಡಿದರೂ ಕಪ್ಪು. ಬೀಜಗಳೇನೋ ಚೆನ್ನಾಗಿ ಮೊಳೆತವು. ಒಂದೇ ಕಿಟಕಿಯ ಬೆಳಕಿಗೆ ಕತ್ತು ಚಾಚಿ ಸಸಿಗಳು ಉದ್ದುದ್ದ ಬೆಳೆದವು. ಮಾಸ್ತರರ ಸಸಿ ಎಷ್ಟು ಎತ್ತರ ಬಂದಿವೆ ಎಂದು ಓಣಿಯವರು ಬಂದು ನೋಡಿ ಹೋದರು. ನಾನು ಉಬ್ಬಿದೆ. ದಾರದಂಥ ಕಾಂಡ, ಬಿಳಚಿಕೊಂಡ ಎಲೆ. ಬಿಸಿಲು ಎಂದರೇನೆಂದು ಅರಿಯದ ಕೂಸುಗಳು ಅವು. ಅಕ್ಕ ಒಂದನ್ನು ಬೆರಳಿನಿಂದ ಮುಟ್ಟಿ ನೋಡಿ ಕೈ ತೆಗೆದಳು.

ಶಿವರಾತ್ರಿ ಬಂತು. ಚಳಿ ನಿಜಕ್ಕೂ ಶಿವಶಿವಾ ಎಂದು ಹೋಯಿತು. ಗಾದೆ ಸುಳ್ಳಾಗಲಿಲ್ಲ. ಆದರೆ ನಮ್ಮ ಕಡೆ ಚಳಿ ಹೋಗುವುದೂ ಬಿಸಿಲು ಬಂದು ಕೂರುವುದೂ ಒಂದೇ ವಾರದ ಕೆಲಸ. ಮುದ್ದೇಬಿಹಾಳದಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೈಗೆ ಗೊತ್ತಿತ್ತು, ತಲೆಗೆ ಹತ್ತಲಿಲ್ಲ. ಹಬ್ಬದ ಮರುದಿನ ಸಂಜೆ ಇಬ್ಬರೂ ಸೇರಿ ಸಸಿ ಇಳಿಸಿದೆವು. ನಾಲ್ಕನೇ ದಿನಕ್ಕೆ ಅರ್ಧ ಮಲಗಿದ್ದವು. ಅಕ್ಕ ಹಳೆಯ ಸೀರೆಗಳನ್ನು ಗೂಟಕ್ಕೆ ಕಟ್ಟಿ ನೆರಳು ಮಾಡಿದಳು, ಬೆಳಗ್ಗೆ ಸಂಜೆ ಕೊಡದಲ್ಲಿ ನೀರು ಹೊತ್ತಳು. ನಾನೂ ಸಾಲೆ ಬಿಟ್ಟೊಡನೆ ಓಡಿ ಬಂದು ಹೊತ್ತೆ. ಉಳಿದದ್ದು ನೂರು ಗಿಡ ಇರಬಹುದು. ಅವೂ ಯುಗಾದಿ ಹತ್ತಿರ ಬಂದಾಗ ಹೆದರಿದವರಂತೆ ಅಂಗಿ ಗುಂಡಿಯಷ್ಟು ಮೊಗ್ಗು ಬಿಟ್ಟು ನಿಂತವು.

ಯುಗಾದಿಗೆ ವಾರವಿರುವಾಗ ಬಚ್ಚಲಿನ ಹಿಂದೆ ಹೋದವನು ದಂಗಾಗಿ ನಿಂತೆ. ನೀರು ಹರಿದು ಹೋಗುವ ಜಾಗದಲ್ಲಿ ಹನ್ನೆರಡು ಚೆಂಡು ಹೂವಿನ ಗಿಡ, ಮೊಣಕಾಲೆತ್ತರ, ಮೈ ತುಂಬ ಹೂ. ತಿಪ್ಪೆಗೆ ಹಾಕುವ ಮೊದಲು ಅಕ್ಕ ನನಗೆ ಹೇಳದೆ ಹಚ್ಚಿದ ಅಗಿ ಅವು. ನನ್ನ ಮಾತಿನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲವಲ್ಲ ಎಂದು, ನಿಜ ಹೇಳುತ್ತೇನೆ, ಮೊದಲು ನನಗೆ ಬಂದದ್ದು ಸಿಟ್ಟು. ಆಮೇಲೆ ಹೊಲದ ಕಡೆ ತಿರುಗಿ ನೋಡಿದೆ. ಇಡೀ ಹೊಲ ಹೀಗೇ ಆಗಬಹುದಿತ್ತು.

ಯುಗಾದಿಯ ಬೆಳಗ್ಗೆ ಅಕ್ಕ ಆ ಹನ್ನೆರಡು ಗಿಡದ ಹೂವನ್ನೂ ಹೊಲದ ಗುಂಡಿ ಹೂವನ್ನೂ ಬಿಡಿಸಿದಳು. ಒಂದು ಬುಟ್ಟಿಯ ಅರ್ಧವೂ ತುಂಬಲಿಲ್ಲ. ಮೇಲೆ ಬೇವಿನ ಹೂ, ಕಣಗಿಲೆ ಹಾಕಿ ತುಂಬಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಇದ್ದಷ್ಟನ್ನು ಹೊತ್ತುಕೊಂಡು ಗುಡಿಗೆ ನಡೆದಳು. ನಾನೂ ಹಿಂದೆ ಹೋದೆ. ಗುಡಿಯ ಕಟ್ಟೆಯ ಪಕ್ಕ ಈರಪ್ಪನ ಎರಡು ಬುಟ್ಟಿ ಒದ್ದೆ ಬಟ್ಟೆ ಮುಚ್ಚಿಕೊಂಡು ಸಿದ್ಧವಾಗಿ ಕೂತಿದ್ದವು. ಬಟ್ಟೆಯ ಸಂದಿಯಿಂದ ಕೇಸರಿ ಬಣ್ಣ ಕಾಣುತ್ತಿತ್ತು.

ಗೌಡರು ಅಕ್ಕನ ಬುಟ್ಟಿ ನೋಡಿದರು. ಇಷ್ಟು ವರ್ಷ ಹೂ ಬೆಳೆದವಳು, ಈ ಸಲವೇ ಯಾಕೆ ಹೀಗಾಯಿತು ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿ ನಿಂತಳು. ಜನ ಗುಸುಗುಸು ಶುರು ಮಾಡಿದರು. ಗಂಡಸಿಲ್ಲದ ಮನೆ, ಕೈಲಾಗಲಿಲ್ಲ, ಇನ್ನೇನು ಎಂದು ಯಾರೋ ಅಂದರು. ಆಗ ಗೌಡರು ಗುಂಪಿನ ಅಂಚಿನಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ಮಾಸ್ತರ್ರ, ನೀವು ಅವರ ಮನ್ಯಾಗ ಇರ್ತೀರಿ. ಕಣ್ಣಾರೆ ಕಂಡೀರಿ. ಏನಾತು ಅಂತ ನೀವ ಹೇಳ್ರಿ.”

ಅಕ್ಕ ತಲೆ ಎತ್ತಿ ನನ್ನನ್ನೇ ನೋಡಿದಳು. ಒಂದೇ ಮಾತು ಸಾಕಿತ್ತು. ತಪ್ಪು ನನ್ನದು, ಅವಳು ಹಚ್ಚಲು ಹೊರಟಾಗ ತಡೆದವನು ನಾನು ಎಂದರೆ ಆಗಿತ್ತು. ಆದರೆ ಗುಡಿಯ ಗೋಡೆಯ ಮೇಲೆ ನನ್ನ ಒಂಬತ್ತನೇ ಇಯತ್ತೆಯ ಮಕ್ಕಳು ಸಾಲಾಗಿ ಕೂತಿದ್ದರು. ಈರಪ್ಪ ತೋಳು ಕಟ್ಟಿ ನಿಂತಿದ್ದ. ಎಳ್ಳ ಅಮಾವಾಸ್ಯೆಯಂದು ಅವನು ಕೇಳಿದ ಪ್ರಶ್ನೆ ಅಷ್ಟೂ ಜನರ ಮುಂದೆ ಗೆಲ್ಲುತ್ತಿತ್ತು. ವಿಜ್ಞಾನದ ಮಾಸ್ತರನಿಗೆ ಚಳಿ ಬಿಸಿಲು ತಿಳಿಯುವುದಿಲ್ಲ ಎಂದು ಊರು ನಗುತ್ತಿತ್ತು. ನನ್ನ ಬಾಯಿ ತಾನಾಗಿ ತೆರೆಯಿತು. “ಈ ವರ್ಷ ಹವಾಮಾನನ ಸರಿ ಇಲ್ರಿ ಗೌಡ್ರ” ಎಂದೆ.

ಗೌಡರು ಈರಪ್ಪನ ಬುಟ್ಟಿಗಳ ಕಡೆ ನೋಡಿದರು. ಅದೇ ಊರು, ಅದೇ ಹವಾಮಾನ. ಮತ್ತೆ ನನ್ನನ್ನು ನೋಡಿ ಸ್ವಲ್ಪ ಹೊತ್ತು ಕಾದರು. ನಾನು ಚಪ್ಪಲಿ ನೋಡಿಕೊಂಡೆ. ಆಗಲಿ ಈರಪ್ಪ, ನಿನ್ನ ಹೂ ಎತ್ತು ಎಂದರು. ಅವನು ಬಟ್ಟೆ ತೆಗೆದ. ಗಂಟೆ ಮೊಳಗಿತು. ಅಕ್ಕ ತನ್ನ ಬುಟ್ಟಿಯನ್ನು ಗುಡಿಯ ಮೆಟ್ಟಿಲ ಮೇಲಿಟ್ಟು, ಕೈ ಮುಗಿದು, ಬರಿಗೈಯಲ್ಲಿ ಮನೆಗೆ ಹೋದಳು.

ಮಧ್ಯಾಹ್ನ ನನ್ನ ಬಾಗಿಲ ಮುಂದೆ ಯಾವತ್ತಿನ ಹಾಗೆ ತಾಟು ಇತ್ತು. ಹೋಳಿಗೆ, ಜೊತೆಗೊಂದು ಲೋಟ ಹಬ್ಬದ ಬೇವಿನ ಪಾನಕ. ಅವಳು ಬೈದಿದ್ದರೆ ನಾನೂ ಏನಾದರೂ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಬೈಯಲಿಲ್ಲ, ಆ ಮಾತನ್ನೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ವರ್ಗಾವಣೆಗೆ ಅರ್ಜಿ ಹಾಕಿ, ಜೂನ್‌ನಲ್ಲಿ ಬಸವನ ಬಾಗೇವಾಡಿ ತಾಲೂಕಿಗೆ ಬಂದೆ. ಬರುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಕ್ಷಮೆ ಕೇಳಿದಂತೆಯೂ ಆಗಬೇಕು, ಕೇಳಿದ್ದು ಗೊತ್ತೂ ಆಗಬಾರದು, ಅಂಥ ನಮಸ್ಕಾರ. ಹೇಡಿಯ ಕೆಲಸ.

ಈ ಫೆಬ್ರವರಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಆ ವಾಸನೆ ಮೂಗಿಗೆ ಬಿದ್ದ ಮೇಲೆ ತರಬೇತಿಯಲ್ಲಿ ಕೂರಲು ಆಗಲಿಲ್ಲ. ಮಧ್ಯಾಹ್ನ ತಪ್ಪಿಸಿಕೊಂಡು ಆ ಹಳ್ಳಿಯ ಬಸ್ಸು ಹತ್ತಿದೆ. ಅದೇ ಮನೆ. ಅಕ್ಕ ಪಡಸಾಲೆಯಲ್ಲಿ ಕೂತು ಹೂ ಆರಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಂಡೊಡನೆ ಗುರುತು ಹಿಡಿದಳು, ಚಾಪೆ ಹಾಸಿದಳು, ಮಕ್ಕಳೆಷ್ಟು ಎಂದು ಕೇಳಿದಳು. ಹಿಂದಿನ ಹೊಲದ ತುಂಬ ಚೆಂಡು ಹೂ ಅರಳಿ ನಿಂತಿತ್ತು. ಚಳಿಯಲ್ಲೇ ಹಚ್ಚಿದ್ದೆಂದು ಕೇಳದೆಯೇ ತಿಳಿಯುತ್ತಿತ್ತು. ಹೂ ಎಲ್ಲಿಗೆ ಹೋಗುತ್ತದೆ ಎಂದೆ. ಸಿಂದಗಿ ಪೇಟೆಗೆ, ಗುಡಿಗೂ ಹೋಗುತ್ತದೆ ಎಂದಳು. ಪಾಳಿ ಈರಪ್ಪನದೇ. ಅವನಿಗೆ ಬೆನ್ನು ನೋವು, ಹೊಲ ಮಾಡಲಾಗುವುದಿಲ್ಲ, ಅದಕ್ಕೆ ಇವಳ ಹೂವನ್ನೇ ಕೊಂಡು ತನ್ನ ಹೆಸರಿನಲ್ಲಿ ಏರಿಸುತ್ತಾನೆ.

ಅದನ್ನು ಕೇಳಿದ ಮೇಲೆ ತಡೆದುಕೊಳ್ಳಲಾಗಲಿಲ್ಲ. ಎಂಟು ವರ್ಷ ಹಿಡಿದಿಟ್ಟಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಆ ವರ್ಷ ನಿನ್ನ ಬೆಳೆ ಕೆಡಿಸಿದವನು ನಾನು ಅಕ್ಕಾ, ನನ್ನ ಮಾತು ಕೇಳಿ ನಿನ್ನ ಪಾಳಿ ಹೋಯಿತು ಎಂದೆ. ಅಕ್ಕ ಹೂ ಆರಿಸುವ ಕೈ ನಿಲ್ಲಿಸಲಿಲ್ಲ.

“ಬೆಳಿ ಹೋದದ್ದಕ್ಕ ನಾ ಎಂದೂ ನಿಮಗ ಅಂದಿಲ್ರಿ ಮಾಸ್ತರ್ರ. ನಂಬಿದಾಕಿ ನಾನು. ನೀವೂ ನನಗ ಚಲೋ ಆಗಲಿ ಅಂತನ ಹೇಳಿದ್ರಿ.” ಒಂದು ಹೂವಿನ ತೊಟ್ಟು ಮುರಿದು ಪಕ್ಕಕ್ಕಿಟ್ಟಳು. “ಆದ್ರ ಗೌಡ್ರು ಅವತ್ತ ನಿಮ್ಮನ್ನ ತಾವಾಗಿ ಕೇಳಿದ್ದಲ್ರಿ. ಹಿಂದಿನ ದಿನ ನಾನ ಅವರ ಮನಿಗೆ ಹೋಗಿ ಹೇಳಿ ಬಂದಿದ್ದೆ. ನಾ ಹೇಳಿದ್ರ ಹೆಣ್ಮಗಳು ನೆವಾ ಹೇಳ್ತಾಳ ಅಂತಾರ, ನಮ್ಮ ಮಾಸ್ತರ್ನ ಕೇಳ್ರಿ, ಅವರು ಇದ್ದದ್ದ ಇದ್ದಾಂಗ ಹೇಳ್ತಾರ ಅಂದಿದ್ದೆ. ಅವರು ಹಂಗ ಹೇಳಿದ್ರ ಪಾಳಿ ತೀರ್ಮಾನಕ್ಕ ಇನ್ನೊಂದ ವರ್ಷ ವಾಯಿದೆ ಕೊಡ್ತೇನಿ ಅಂದಿದ್ರು ಗೌಡ್ರು.”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಒಳಗೆ ಹೋಗಿ ಒಲೆಯ ಮೇಲೆ ಚಹಾ ಇಟ್ಟಳು. ಬೇಡ ಎನ್ನುವ ಮುಖ ನನಗಿರಲಿಲ್ಲ. ಕೊಟ್ಟದ್ದನ್ನು ಕುಡಿದು, ತಲೆ ತಗ್ಗಿಸಿ ಬಸ್ಸಿಗೆ ನಡೆದೆ.